ಸಂತೆ ದಿನದ ಮಾತ್ರೆ

ಮಾನ್ವಿ
೧೯ ಮೇ ೨೦೨೫

ಮಗಳು ಸೂಫಿಯಾಳಿಗೆ ನಿನ್ನ ಅಮ್ಮಿ ನೂರ್ ಬೀ ಬೇಡುವ ದುವಾ, ಆಯುಷ್ಯ, ಆರೋಗ್ಯ.

ನೋಡು, ನನ್ನ ಅಕ್ಷರ ನೋಡು! ಏಳನೆಯ ಇಯತ್ತೆ ಬಿಟ್ಟ ಮೇಲೆ ಇಷ್ಟುದ್ದ ಬರೆದವಳಲ್ಲ ನಾನು. ಚಳಿಗಾಲದಲ್ಲಿ ಈ ಬೆರಳುಗಳು ಗಿರಾಕಿಯ ಕೈಗೆ ಒಂದು ಬಳೆ ಏರಿಸಲೂ ಒಲ್ಲೆ ಎನ್ನುತ್ತಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಈಗ ಪೆನ್ನು ಹಿಡಿದಿವೆ. ನಿಮ್ಮ ಕೀಲುವಾತದ ದವಾಖಾನೆಗೆ ಗುಣಮಟ್ಟದ ಮನ್ನಣೆ ಕೊಡುವವರು ಬರುತ್ತಾರೆ, ಔಷಧವನ್ನು ಹೇಗೆ ತಿಳಿಸಿ ಹೇಳುತ್ತೀರಿ ಎಂದು ರೋಗಿಗಳೇ ಬರೆದುಕೊಟ್ಟ ಕಾಗದ ಕಡತದಲ್ಲಿರಬೇಕು ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನ್ನಣೆ ತಪ್ಪಿದರೆ ನಿನ್ನ ನರ್ಸ್ ಕೆಲಸಕ್ಕೇ ಕುತ್ತು ಬಂದೀತೇನೋ ಎಂದು ನನಗೆ ನಿದ್ದೆಯಿಲ್ಲ. ಬಾಯಲ್ಲೇ ಹೇಳೋಣವೆಂದರೆ ಫೋನು ಕೆಟ್ಟು ಕೂತಿದೆ.

ಬಂದ ಸಾಹೇಬರು ಓದಲಿ. ಸೂಫಿಯಾ ಸಿಸ್ಟರ್ ಹೇಳಿದ ಹಾಗೆ ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಚೀಟಿ ನಮಗೇನು ತಿಳಿಯಬೇಕು? ಅವಳು ಹಳದಿ ಮಾತ್ರೆ ಎತ್ತಿ ತೋರಿಸಿ, ಇದನ್ನ ಸಂತಿ ದಿನ ತಗೋರಿ, ಬ್ಯಾರೆ ದಿನ ಮುಟ್ಟಬ್ಯಾಡ್ರಿ ಎಂದಳು. ಅಷ್ಟೇ. ಚಿಕ್ಕ ಮಗುವಿಗೂ ತಿಳಿಯುವ ಮಾತು. ನಾನು ಒಂದು ಸಂತೆಯನ್ನೂ ತಪ್ಪಿಸಿಲ್ಲ. ಮಾನ್ವಿ, ದೇವದುರ್ಗ, ಜಾಲಹಳ್ಳಿ, ಬಾಗಲವಾಡ, ಎಲ್ಲೇ ಕೂತರೂ ಬಳೆ ಗಂಟು ಬಿಚ್ಚುವ ಮೊದಲು ಬಿಸ್ಮಿಲ್ಲಾ ಎಂದು ಮಾತ್ರೆ ನುಂಗುತ್ತೇನೆ. ನನ್ನ ಜೊತೆಗೇ ಔಷಧ ಶುರುಮಾಡಿದ ಯಾಪಲದಿನ್ನಿಯ ಕರೆಮ್ಮ ಪಾಪ, ಹೊಲದವಳು, ಅವಳಿಗೆ ವಾರಕ್ಕೆ ಒಂದೇ ಸಂತೆ, ಒಂದೇ ಸಲದ ಮಾತ್ರೆ. ನನಗೆ ಅಲ್ಲಾಹು ನಾಲ್ಕು ಕೊಟ್ಟಿದ್ದಾನೆ. ನೂರವ್ವಾ, ನಿನ್ನ ಕೈ ನೋಡಿದ್ರ ನನಗ ಹೊಟ್ಟಿ ಉರೀತದ ನೋಡು ಎಂದು ಅವಳು ನನ್ನೆದುರೇ ಅಂದಳು.

ದವಾಖಾನೆ ಪಾಸಾಗಲಿ.

ನಿನ್ನ ಅಮ್ಮಿ,
ನೂರ್ ಬೀ

ತಾ.ಕ.: ಈ ಭಾಗವನ್ನು ಕತ್ತರಿಸಿ ತೆಗೆ, ಬಂದವರಿಗೆ ತೋರಿಸಬೇಡ. ಫೋನು ಕೆಟ್ಟಿಲ್ಲ. ಬಾಯಿ ತುಂಬ ಹುಣ್ಣು, ನಾಲಿಗೆ ಹೊರಳುವುದಿಲ್ಲ, ಗಂಜಿ ಕುಡಿದರೂ ಉರಿ. ಬಿಸಿಲಿನ ಕಾವಿರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಗಿದೆ. ರಕ್ತಪರೀಕ್ಷೆಗೆ ನೀನು ಕರೆದಾಗ ಬರಲಿಲ್ಲ, ಮದುವೆಯ ಕಾಲದಲ್ಲಿ ಬಳೆ ಮಾರುವವಳು ಹೇಗೆ ಬರಲಿ? ನೀನು ಕೊಟ್ಟ ಮಾತ್ರೆ ಬೇಗ ಮುಗಿದವು, ಚೀಟಿ ತೋರಿಸಿ ಇಲ್ಲೇ ಅಂಗಡಿಯಲ್ಲಿ ತಂದುಕೊಂಡೆ. ನಿಮ್ಮ ಪರೀಕ್ಷೆ ಮುಗಿದ ಮೇಲೆ ಬಂದು ತೋರಿಸುತ್ತೇನೆ.

⁂

ರಾಯಚೂರು
೨೩ ಮೇ ೨೦೨೫

ಅಮ್ಮಿ,

ನನ್ನನ್ನು ವಾರ್ಡಿನೊಳಗೆ ಬಿಡುತ್ತಿಲ್ಲ. ನಿನ್ನ ರಕ್ತದಲ್ಲಿ ಬಿಳಿಕಣಗಳು ತೀರಾ ಇಳಿದಿವೆಯಂತೆ, ಹೊರಗಿನವರ ಒಂದು ಕೆಮ್ಮೂ ನಿನಗೆ ಆಪತ್ತಂತೆ. ನರ್ಸ್ ಆದ ನನಗೇ ಇದನ್ನು ಇನ್ನೊಬ್ಬ ನರ್ಸ್ ಬಿಡಿಸಿ ಹೇಳಿದಳು. ಮಾತಾಡಲಾಗದ ನಿನಗೆ ಫೋನು ಮಾಡಿ ಏನು ಮಾಡಲಿ? ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ.

ಟೆಂಪೋ ಖಾಜಾ ತಂದುಕೊಟ್ಟ ನಿನ್ನ ಕಾಗದವನ್ನು ಡಾಕ್ಟರ್ ಅಂಬರೀಶರು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನನ್ನನ್ನು ಹೊಗಳಿದ್ದಕ್ಕೆ ಎಲ್ಲರೂ ನಕ್ಕರು, ನಾನೂ ಉಬ್ಬಿಹೋದೆ. ಕರೆಮ್ಮನ ಮಾತು ಬಂದಲ್ಲಿ ಅವರ ದನಿ ನಿಂತಿತು. ವಾರಕ್ಕ ಒಂದ ಸಲ ಕೊಡೋ ಮಾತ್ರಿ ಸೂಫಿಯಾ, ನಿಮ್ಮವ್ವ ನಾಕು ಸಲ ನುಂಗಾಕತ್ತಾಳ, ಹೆಚ್ಚಾದ್ರ ಬಾಯಿ ತುಂಬ ಹುಣ್ಣಾಗ್ತದ, ರಕ್ತ ಕೆಡ್ತದ ಎಂದರು. ಅದೇ ಟೆಂಪೋ ಹತ್ತಿ ಮಾನ್ವಿಗೆ ಬಂದು, ಅದರಲ್ಲೇ ನಿನ್ನನ್ನು ಇಲ್ಲಿ ತಂದು ಸೇರಿಸಿದೆ. ದಾರಿಯಲ್ಲಿ ಖಾಜಾ ಏನೇನು ಕೇಳಿದನೋ, ನನಗೆ ಒಂದೂ ನೆನಪಿಲ್ಲ.

ನಮ್ಮ ಕಡೆಯವರಿಗೆ ವಾರವೆಂದರೆ ಸಂತೆಯಿಂದ ಸಂತೆಗೆ. ಹಾಗೆ ಹೇಳಿದರೆ ಮರೆಯುವುದಿಲ್ಲವೆಂದು ಎಲ್ಲರಿಗೂ ಹಾಗೆಯೇ ಹೇಳುತ್ತಾ ಬಂದೆ. ಊರೂರು ಸಂತೆ ತಿರುಗುವವಳ ಮಗಳು ನಾನು, ನಿನ್ನ ಬಳೆ ಗಂಟಿಗೆ ಒರಗಿ ನಿದ್ದೆ ಮಾಡಿ ಬೆಳೆದವಳು. ನನಗೇ ಹೊಳೆಯಲಿಲ್ಲ. ಸಿಟ್ಟು ನಿನ್ನ ಮೇಲೂ ಇದೆ. ನನ್ನ ಕೆಲಸ ಉಳಿಯಲೆಂದು ಹುಣ್ಣು ಮುಚ್ಚಿಟ್ಟೆಯಾ? ನೀನೇ ಇಲ್ಲದ ಮೇಲೆ ಆ ಕೆಲಸ ಕಟ್ಟಿಕೊಂಡು ನಾನೇನು ಮಾಡಲಿ? ತುಂಬಾ ಭಯವಾಗುತ್ತಿದೆ ಅಮ್ಮಿ.

ಮನ್ನಣೆಯವರು ಸೋಮವಾರ ಬರುತ್ತಾರೆ. ಡಾಕ್ಟರು ಕಡತದ ಮೊದಲಿಗೇ ನಿನ್ನ ಕಾಗದ ಇಟ್ಟಿದ್ದಾರೆ, ಕತ್ತರಿಸು ಎಂದ ಭಾಗವೂ ಅದರಲ್ಲೇ ಇದೆ. ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: ಸಂತ್ಯಾಗ ಕುಂತು ಮಾರೋರಿಗೆ ಇನ್ನ ಯಾರ್ಯಾರಿಗೆ ಹಿಂಗ ಹೇಳಿದಿ? ಫೋನು ಇದ್ದವರಿಗೆಲ್ಲ ಮಾಡಿ ಹೇಳಿದೆ. ಇಲ್ಲದವರನ್ನು ಸಂತೆಯಲ್ಲೇ ಹುಡುಕಬೇಕು.

ಇಂಜೆಕ್ಷನ್ ಕೊಡುತ್ತಿದ್ದಾರೆ, ಹಟ ಮಾಡಬೇಡ. ಬೇಗ ಬಾಯಿ ವಾಸಿಯಾಗಿ ನನ್ನನ್ನು ಮನಸಾರೆ ಬೈಯುವಂತಾಗು.

ನಿನ್ನ
ಸೂಫಿಯಾ

ತಾ.ಕ.: ನಿನ್ನೆ ಈ ಕಾಗದ ಒಳಗೆ ಕಳಿಸಲಾಗಲಿಲ್ಲ. ಇವತ್ತು ದೇವದುರ್ಗದ ಸಂತೆಗೆ ಹೋಗಿದ್ದೆ. ನೀನು ಕೂರುವ ಜಾಗವನ್ನು ಪಕ್ಕದ ಬೆಳ್ಳುಳ್ಳಿ ಗೋಪಮ್ಮ ಯಾರಿಗೂ ಬಿಟ್ಟಿಲ್ಲ, ಚೀಲ ಹಾಸಿ ಹಿಡಿದಿಟ್ಟಿದ್ದಾಳೆ. ಅವಳನ್ನು ನಮ್ಮ ದವಾಖಾನೆಗೆ ಕರೆತಂದವಳು ನೀನೇ ಅಲ್ಲವೇ. ನಿನ್ನ ಜಾಗದಲ್ಲೇ ಕುಳಿತು ಮಾತ್ರೆಯ ವಿಷಯ ಹೇಳಿದೆ. ಕೇಳುತ್ತಾ ಕೇಳುತ್ತಾ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದಳು. ಬಾಯಿ ತೆರೆದು ತೋರಿಸಿದಳು.