ಎಡರೆಕ್ಕೆ ಮೋಟಾದ ಕ್ರೌಂಚ

ಜೌಗು ಶಕೆ ೪೧, ನೀರೇರುವ ತಿಂಗಳ ಆರನೇ ದಿನ
(ನಿಮ್ಮ ಲೆಕ್ಕಕ್ಕೆ ೨೧೯೩)
ಕಿಸುಮು, ಸರೋವರದ ದಂಡೆ

ಸುನಂದಿನಿಯವರಿಗೆ,

ಮಾತೃಶ್ರೀ ಎನ್ನಲೋ, ಚಿ. ಸೌ. ಎನ್ನಲೋ ತಿಳಿಯದು. ನೀವು ನನ್ನ ಮುತ್ತಜ್ಜಿಯ ತಾಯಿ. ಆದರೆ ಈ ಓಲೆ ಮುಟ್ಟುವ ದಿನ ನಿಮಗೆ ಮೂವತ್ತೊಂದು, ನನಗೆ ಎಪ್ಪತ್ತಮೂರು. ಯಜಮಾನರು ವಾದಿರಾಜರ ಸೊಂಟನೋವು ಹೇಗಿದೆ? ಇಂಚರಳ ಕೆಮ್ಮು ನಿಂತಿತೇ? ಹೆದರಬೇಡಿ, ಅವಳೇ ನನ್ನ ಮುತ್ತಜ್ಜಿ, ಎಂಬತ್ತೊಂಬತ್ತು ವರ್ಷ ಬದುಕಿದರು. ಇದೇ ಕಿಸುಮುವಿನ ನಿಮ್ಮ ಹಿತ್ತಲಿಗೆ ತಂದ ಕ್ರೌಂಚದ ಮರಿ ರಾಜಿ ಕ್ಷೇಮವೇ?

ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆ, ಹೋದ ಕಾಲಕ್ಕೆ ಹೋಗುವ ಟಪಾಲು, ಮನೆಗೊಂದೇ ಹಾಳೆ. ನಾನು ಕರೆಹಲಗೆ ಬರೆಯುವವಳು. ಆಳೆತ್ತರದ ಹಲಗೆಯ ಮೇಲೆ ಕಿರೀಟ ಕ್ರೌಂಚವನ್ನು ಬಿಡಿಸಿ ಜೌಗಿನಲ್ಲಿ ನಿಲ್ಲಿಸುತ್ತೇವೆ. ಹಾರುವ ಹಕ್ಕಿ ತನ್ನವರೆಂದು ತಿಳಿದು ಇಳಿಯಲಿ, ಗೂಡು ಕಟ್ಟಲಿ ಎಂದು. ನನಗೆ ಯಾರೂ ಕಲಿಸಲಿಲ್ಲ. ಗೋಡೆಯ ಮೇಲಿನ ನಿಮ್ಮ ಮನೆಯ ಫೋಟೊ ಒಂದೇ ಗುರು. ಅದರಲ್ಲಿ ಇಂಚರಳ ಪಕ್ಕ ರಾಜಿ ರೆಕ್ಕೆ ಬಿಚ್ಚಿ ನಿಂತಿದ್ದಾಳೆ. ಬಂಗಾರದ ಜುಟ್ಟು, ಬಿಳಿ ಕೆನ್ನೆ, ಎಡರೆಕ್ಕೆ ಮೋಟು. ಹಕ್ಕಿಯೇ ಹಾಗೆ ಎಂದುಕೊಂಡು ನಲವತ್ತು ವರ್ಷ ಹಾಗೆಯೇ ಬರೆದೆ. ಊರಿನ ಮಕ್ಕಳೂ ನನ್ನಿಂದ ಅದನ್ನೇ ಕಲಿತರು.

ನಮ್ಮಲ್ಲಿ ಉಳಿದ ಕ್ರೌಂಚ ಹನ್ನೊಂದು. ಇಷ್ಟು ವರ್ಷ ದೂರದಲ್ಲಿ ಚುಕ್ಕೆಯಂತೆ ಹೋಗುತ್ತಿದ್ದವು. ಮೊನ್ನೆ ಬೆಳಿಗ್ಗೆ ಹಲಗೆಗಳ ಮೇಲೆಯೇ ಮೂರು ಸುತ್ತು ಹಾರಿ, ಇಳಿಯದೆ ಹೋದವು. ಎರಡೂ ರೆಕ್ಕೆ ಸಮ! ಮೊಮ್ಮಗಳು ಅಚಿಯೆಂಗ್, “ಅಜ್ಜೀ, ನಿನ್ನ ಹಕ್ಕಿಗೆ ಲಕ್ವ ಹೊಡೆದದ್ದಾ ಎಂತ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿದೆ. ಹಿಂದೆ ನಿಮ್ಮ ಅಕ್ಷರ: “ರೆಕ್ಕೆ ಕತ್ತರಿಸಿ ವರ್ಷವಾಯಿತು. ಈಗ ಎಲ್ಲೂ ಹೋಗುವುದಿಲ್ಲ. ಒಳ್ಳೆಯ ಹುಡುಗಿ.”

ಕ್ರೌಂಚಗಳು ಅಳಿದದ್ದಕ್ಕೆ ಕಾರಣವೆಂದು ಶಾಲೆಯ ಪುಸ್ತಕದಲ್ಲಿ ಜೌಗು ಬತ್ತಿಸಿ ಹೊಲ ಮಾಡಿದ್ದಿದೆ, ವಿಷದ ಕಾಳಿದೆ, ವಿದ್ಯುತ್ ತಂತಿಯಿದೆ, ಮರಿ ಹಿಡಿದು ಮಾರಿದವರಿದ್ದಾರೆ. ಕೊಂಡು ಮುದ್ದು ಮಾಡಿದವರ ಸುದ್ದಿ ಇಲ್ಲ. ಪ್ರೀತಿಯಿಂದಲೇ ಕತ್ತರಿಸಿದಿರಿ ಅಲ್ಲವೇ? ಬೈಯಲು ಬಾಯಿ ಬರದು.

ಈ ಓಲೆ ಮುಟ್ಟುವಾಗ ರಾಜಿ ಇನ್ನೂ ಮರಿ. ನಿಮಗಿನ್ನೂ ಸಮಯವಿದೆ, ಕತ್ತರಿ ಎತ್ತಬೇಡಿ. ರೆಕ್ಕೆ ಬಲಿತ ದಿನ ರಾಜಿಯನ್ನು ಜೌಗಿಗೆ ಒಯ್ದು ಬಿಡಿ. ಆದರೆ ಅವಳು ಹಾರಿಹೋದರೆ ಆ ಫೋಟೊ ಎಲ್ಲಿಂದ ಬಂತು? ನಾನು ಕುಂಚ ಹಿಡಿದೆನೇ? ಈ ಓಲೆ ಬರೆದವರು ಯಾರು? ಯೋಚಿಸಿದರೆ ತಲೆ ಗಿರ್ರೆನ್ನುತ್ತದೆ. ಆದರೂ ಅವಳನ್ನು ಹಾರಲು ಬಿಡಿ.

ಬಿಟ್ಟಿರೋ ಇಲ್ಲವೋ, ಎರಡು ಸಾಲು ಬರೆದು ನಿಮ್ಮ ಕಬ್ಬಿಣದ ಟ್ರಂಕಿನ ತಳದಲ್ಲಿಡಿ. ಆ ಟ್ರಂಕು ಈಗ ನನ್ನ ಮಂಚದಡಿ ಇದೆ. ದಿನಕ್ಕೆರಡು ಸಲ ಮುಚ್ಚಳ ತೆಗೆಯುತ್ತಿದ್ದೇನೆ. ತಡಮಾಡದೆ ಬರೆಯಿರಿ.

ಇತಿ ನಿಮ್ಮ
ವಾರಿಜ