ಮೋಟಾರಿಗೆ ಮಣ್ಣು

ನನ್ನ ಒಡಹುಟ್ಟಿದ ಅಣ್ಣನಿಗೆ,

ಇಂದು ಸೋಮವಾರ, ನನಗೆ ಒಪ್ಪತ್ತು. ಬೆಳಗ್ಗೆ ಬಾವಿಯ ನೀರು ತಂದು, ಅಂಗಳ ಸಾರಿಸಿ, ಪೂಜೆ ಮುಗಿಸಿ ಕೂತಿದ್ದೇನೆ. ನೀನು ಹೋದ ಮೇಲೆ ಅತ್ತಿಗೆಗೆ ಜೊತೆಯಾಗಿ ಕೊಪ್ಪಳದ ನಿನ್ನ ಮನೆಯಲ್ಲೇ ಉಳಿದೆ. ನಿನ್ನ ಮೋಟಾರಿನ ಸುದ್ದಿ ಹೇಳಬೇಕು. ಬೇರೆ ಯಾರಿಗೆ ಹೇಳಲಿ?

ನಿನ್ನ ಮಗಳು ನೀಲಾ ಬಸುರಾದ ಸುದ್ದಿ ಬಂದ ದಿನ ನೆನಪಿದೆಯೇ? ಮೋಟಾರಿನ ಮೂಗು ತಟ್ಟಿ, “ಚೊಚ್ಚಲ ಹೆರಿಗಿಗೆ ನನ್ನ ಮಗಳು ಇದರಾಗ ಬರತಾಳ” ಎಂದಿದ್ದೆ. ಆಮೇಲೆ ತಿಂಗಳೊಪ್ಪತ್ತಿನಲ್ಲೇ ನೀನು... ಬಸುರಿ ಹೆಣ್ಣು ಸಾವಿನ ಮನೆಗೆ ಬರಬಾರದೆಂದು ಆಕೆಯನ್ನು ಕರೆಯಲಿಲ್ಲ. ನಿನಗೆ ಒಂದು ಹಿಡಿ ಮಣ್ಣು ಹಾಕಲಿಲ್ಲವೆಂದು ಅಳವಂಡಿಯ ಗಂಡನ ಮನೆಯಲ್ಲಿ ಅತ್ತಳಂತೆ. ಅತ್ತಿಗೆಯೂ ಅದನ್ನೇ ಎದೆಯಲ್ಲಿಟ್ಟುಕೊಂಡು ಕೊರಗಿದಳು.

ತಂಗಿಯನ್ನು ಕರೆತರುವ ಹೊತ್ತಿಗೆ ಮೋಟಾರು ಮಿಂಚಬೇಕೆಂದು ನಿನ್ನ ಮಗ ಶೇಖಪ್ಪ ಬಣ್ಣ ಹೊಡೆಸಿದ. ಮೂಲೆ ಮೂಲೆಗೂ ಕರಿ ಬಣ್ಣ. ಮುಖ ನೋಡಿಕೊಳ್ಳಬಹುದಿತ್ತು, ಅಣ್ಣ! ಅಂದಿನಿಂದಲೇ ಕಾಟ ಶುರುವಾಯಿತು. ದೀಪ ಹಣತೆಯಂತೆ ಮಂಕಾಗಿ, ಗಂಗಾವತಿಯ ದಾರಿಯಲ್ಲಿ ಗಾಡಿ ನಿಂತೇಬಿಟ್ಟಿತು. ಬ್ಯಾಟರಿಯನ್ನು ರೈಲಿನಲ್ಲಿ ಗದಗಿಗೆ ಒಯ್ದು ಚಾರ್ಜು ತುಂಬಿಸಿ ತಂದ. ಮತ್ತೆ ಅದೇ ಹಾಡು. ಓಣಿಯವರ ಬಾಯಿ ಕೇಳಬೇಕೇ? “ಮಾಲಕನ ಹಿಂದ ಮೋಟಾರಾನೂ ಹೊಂಟತಿ ಬಿಡವಾ” ಎಂದರು.

ಅಳವಂಡಿಯ ಬೀಗಿತ್ತಿಯನ್ನು ನೀನು ಬಲ್ಲೆ. ನೀಲಾಳ ಕಾಲು ಬಾತಿದ್ದವು. “ಎರಿ ಹೊಲದ ಹಾದ್ಯಾಗ ಚಕ್ಕಡಿ ಮ್ಯಾಲೆ ಕುಲುಕ್ಯಾಡಿಸಿ ಕಳಸಂಗಿಲ್ಲ. ಮೋಟಾರ ಬಂದ್ರ ಕಳಸ್ತೀವಿ, ಇಲ್ಲಾಂದ್ರ ಹೆರಿಗಿ ಇಲ್ಲೇ” ಎಂದು ಹೇಳಿ ಕಳಿಸಿದಳು. ಆಕೆಯದೇನು ತಪ್ಪು? ಅಪ್ಪನಿಲ್ಲದ ಮಗಳು ಅವ್ವನ ಮಡಿಲಲ್ಲೂ ಹೆರದಿದ್ದರೆ ಹೇಗೆಂದು ಅತ್ತಿಗೆ ಊಟ ಬಿಟ್ಟಳು.

ನೀನು ಮೋಟಾರಿನೊಳಗೆ ಗಡಿಯಾರದಂಥ ಬಿಲ್ಲೆಯಲ್ಲಿನ ಮುಳ್ಳು ತೋರಿಸಿ ನನ್ನನ್ನು ಕಾಡಿಸುತ್ತಿದ್ದೆ. “ಮುಳ್ಳು ಬಲಕ್ಕ ಇದ್ರ ಬ್ಯಾಟರಿ ಉಣ್ಣಾಕತ್ತೈತಿ, ಎಡಕ್ಕ ಬಿದ್ರ ನಿನ್ನಂಗ ಉಪಾಸ!” ಗಂಗಾವತಿಯ ಅಕ್ಕಿ ಗಿರಣಿಯಿಂದ ಬಂದ ಮಿಸ್ತ್ರಿ ಖಾಸಿಂಸಾಬನೂ ಮೊದಲು ಆ ಮುಳ್ಳನ್ನೇ ನೋಡಿದ. ಇಂಜಿನ್ ಜೋರಾಗಿ ಓಡುತ್ತಿದ್ದರೂ ಮುಳ್ಳು ಎಡಕ್ಕೇ ಇತ್ತು. ಕರೆಂಟು ಹುಟ್ಟಿಸುವ ಡೈನಮೋದ ಪಟ್ಟಿ ಒತ್ತಿ ನೋಡಿದ, ಬಿಗಿಯಾಗಿತ್ತು. ಡೈನಮೋದಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಡಬ್ಬಿ ಇದೆಯಲ್ಲ, ಅದನ್ನು ಮುಟ್ಟಿ ತಲೆಯಾಡಿಸಿದ.

“ಇದಕ್ಕ ಅರ್ಥ್ ಇಲ್ರೀ ಅವ್ವಾರ.”

“ಅರ್ಥ ಇಲ್ಲಂದ್ರ? ನಮ್ಮ ಮೋಟಾರಕ್ಕ ಅರ್ಥ ಇಲ್ಲೇನ್ಪಾ?” ಎಂದೆ.

“ಅರ್ಥ ಅಲ್ರೀ, ಅರ್ಥ್! ಅಂದ್ರ ಮಣ್ಣು. ನಿಮ್ಮ ಗಾಡಿಗೆ ಮಣ್ಣು ಸಿಕ್ಕಿಲ್ಲ.”

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲೇ ಕುಸಿದಳು. ಗಾಡಿ ಸತ್ತಿತು, ಹೂಳಿರಿ ಎಂದನೆಂದೇ ತಿಳಿದಳು. ನನಗೂ ಸಿಟ್ಟು ಬಂತು. “ಮಣ್ಣು ಕೊಟ್ಟ ಮನಿಯಾಗ ಎಂಥಾ ಮಾತ ಆಡ್ತಿಯೋ?” ಎಂದೆ. ಅವನು ಕೆನ್ನೆ ಬಡಿದುಕೊಂಡ.

“ತೋಬಾ, ತೋಬಾ! ಆ ಮಣ್ಣಲ್ರೀ. ತಂತ್ಯಾಗ ಹೋದ ಕರೆಂಟು ಗಾಡಿ ಕಬ್ಬಣದಾಗ ಹಾಯ್ದು ತಿರುಗಿ ಮನಿಗೆ ಬರಬೇಕು. ಆ ಕಬ್ಬಣಕ್ಕ ನಾವು ಮಣ್ಣು ಅಂತೀವಿ. ಈ ಡಬ್ಬಿ ಬಿಚ್ಚಿ, ಕೆಳಗೂ ಬಣ್ಣ ಬಡದು ಕೂಡಿಸ್ಯಾರ. ಬಣ್ಣ ಅಡ್ಡ ನಿಂತೈತಿ. ನೋಡ್ರಿಲ್ಲೆ.”

ಒಂದು ತುಂಡು ತಂತಿ ತೆಗೆದುಕೊಂಡು, ಒಂದು ತುದಿ ಡಬ್ಬಿಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದ. ಶೇಖಪ್ಪ ಒಳಗಿನಿಂದ ಕೂಗಿದ: “ಅತ್ತೀ, ಮುಳ್ಳು ಬಲಕ್ಕ ಬಂತು!” ಆಮೇಲೆ ಡಬ್ಬಿ ಬಿಚ್ಚಿ, ಅಡಿಯ ಬಣ್ಣ ಕೆರೆದು ಮತ್ತೆ ಕೂಡಿಸಿದ, ಅಷ್ಟೇ. ನಮ್ಮ ಹುಡುಗ ಪ್ರೀತಿಯಿಂದ ಹೊಡೆಸಿದ ಬಣ್ಣವೇ ಅಡ್ಡಿಯಾಗಿತ್ತಲ್ಲ! ಅವನ ಮುಖ ಸಣ್ಣದಾಯಿತು. “ಬಿಡೋ ಮಗನ, ಭಾಳ ಚಂದ ಮಾಡಾಕ ಹೋಗಿದ್ದಿ” ಎಂದು ಅತ್ತಿಗೆಯೇ ಅವನ ಬೆನ್ನು ಸವರಿದಳು.

ಮರುದಿನವೇ ನೀಲಾ ನಿನ್ನ ಮೋಟಾರಿನಲ್ಲಿ ಬಂದಳು. ಮನೆಗೆ ಬರುವ ಮೊದಲು ನಿನ್ನನ್ನು ಇಟ್ಟ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸೆಂದು ಹಟ ಹಿಡಿದಳಂತೆ. ಬಸುರಿ ಇಳಿಯಬಾರದೆಂದು ಶೇಖಪ್ಪ ಹೇಳಿದ್ದಕ್ಕೆ ಇಳಿಯಲಿಲ್ಲ, ಆದರೆ ಕೂತಲ್ಲಿಂದಲೇ ಅವನ ಕೈಯಿಂದ ಒಂದು ಹಿಡಿ ಮಣ್ಣು ತರಿಸಿ, ಕಣ್ಣಿಗೊತ್ತಿಕೊಂಡು, ನಿನಗೆ ಹಾಕಿಸಿದಳು. ಇದು ಶಾಸ್ತ್ರವೋ ಅಲ್ಲವೋ ನನಗೆ ಗೊತ್ತಿಲ್ಲ. ಶಿವನಿಗೆ ಗೊತ್ತಿದ್ದರೆ ಸಾಕು. ನಿನಗೆ ಮುಟ್ಟಿತೇ?

ಮೊನ್ನೆ ನೀಲಾ ಹೆತ್ತಳು, ಅಣ್ಣ. ಹೆಣ್ಣು ಕೂಸು. ತಾಯಿ-ಮಗು ಇಬ್ಬರೂ ಛಲೋ ಇದ್ದಾರೆ. ಐದನೆಯ ದಿನ ಸೆಟವಿ ತಾಯಿ ಕೂಸಿನ ಹಣೆಬರಹ ಬರೆಯಲು ಬರುತ್ತಾಳಲ್ಲ, ಅವಳಿಗಿಟ್ಟ ಎಡೆಯ ಪಕ್ಕದಲ್ಲೇ ಈ ಕಾಗದ ಇಡುತ್ತೇನೆ. ನೀನಿರುವ ದಿಕ್ಕಿನಿಂದಲೇ ಬರುವವಳಲ್ಲವೇ? ನಿನ್ನ ಮೊಮ್ಮಗಳಿಗೆ ಏನು ಹೆಸರಿಡಲಿ ಎಂದು ನೀಲಾ ಕೇಳುತ್ತಿದ್ದಾಳೆ. ಉತ್ತರವನ್ನು ಆ ತಾಯಿಯ ಕೈಯಲ್ಲೇ ಕಳಿಸು.