ಮಗಳೊಂದಿಗೆ

ಅಮ್ಮಾ,

ಬದುಕಿದ್ದಾಗಲೇ ನನ್ನ ಮಾತಿಗೆ ನಿನಗೆ ಪುರುಸೊತ್ತಿರಲಿಲ್ಲ. ಈಗ ಓದ್ತೀಯ ಅಂತೇನೂ ಬರೀತಿಲ್ಲ.

ನಿನ್ನ ಜೀವನಚರಿತ್ರೆ ಬರೀತಿರೋ ಮೇಡಂ ಇವತ್ತು ಮನೆಗೆ ಬಂದಿದ್ರು. ಊರಿನ ಮೊದಲ ಲೇಡಿ ಡಾಕ್ಟರ್ ಬಗ್ಗೆ ಬರೋ ಪುಸ್ತಕದಲ್ಲಿ ಒಂದು ತಪ್ಪೂ ಉಳೀಬಾರದಂತೆ. ಒಂದು ಫೋಟೋ ತೋರಿಸಿದ್ರು. ಮಗು ಎತ್ಕೊಂಡು ನೀನು ನಗ್ತಿದ್ದೀಯ. ಕೆಳಗೆ 'ಮಗಳೊಂದಿಗೆ' ಅಂತಿದೆ.

"ಇದು ನಾನಲ್ಲ. ಯಾರೋ ಪೇಷೆಂಟ್ ಮಗು" ಅಂದೆ.

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

'ಅಮ್ಮ ನಗ್ತಿದ್ದಾಳಲ್ಲ, ಅದಕ್ಕೆ' ಅನ್ನೋಕೆ ಬಾಯಿ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಅಜ್ಜಿ ಗೊಣಗ್ತಿದ್ದಿದ್ದನ್ನೂ ನುಂಗಿಕೊಂಡೆ.

"ಹಾಗಾದ್ರೆ ನೀವಿಬ್ರೂ ಇರೋದೊಂದು ಕೊಡಿ" ಅಂದ್ರು.

ಟ್ರಂಕೆಲ್ಲ ಜಾಲಾಡಿದ್ರೂ ಸಿಕ್ಕಿದ್ದು ಒಂದೇ. ಕ್ಲಿನಿಕ್ಕಿನ ಬೆಂಚಿನ ಮೇಲೆ ಹೆಂಗಸರ ಸಾಲು, ತೆರೆದ ಬಾಗಿಲಾಚೆ ತಲೆ ಬಗ್ಗಿಸಿ ಬರೀತಿರೋ ನೀನು, ಸಾಲಿನ ಕೊನೇಲಿ ಯೂನಿಫಾರ್ಮ್ ಹಾಕಿದ ನಾನು. ನಿನ್ನ ಹತ್ರ ಮಾತಾಡ್ಬೇಕು ಅಂದ್ರೆ ಅಲ್ಲೇ ತಾನೇ ಕೂರಬೇಕಿತ್ತು? ಅವತ್ತು ನನ್ನ ಸರದಿ ಬಂದಾಗ ನೀನು ತಲೆ ಎತ್ತದೇನೇ "ಏನಮ್ಮಾ ತೊಂದ್ರೆ?" ಅಂದೆ. ಏನಿಲ್ಲ ಅಂತ ಹೇಳಿ ಎದ್ದು ಬಂದೆ.

ಫೋಟೋ ನೋಡಿ ಮೇಡಂಗೆ ಖುಷಿಯೋ ಖುಷಿ. ಇದರಲ್ಲಿ ನಾನೆಲ್ಲಿ ಅಂತ ಕೇಳೋದನ್ನೂ ಮರೆತು, ಅಲ್ಲೇ ಕೂತು ಬರೆದ್ರು: 'ಡಾಕ್ಟರಮ್ಮನಿಗಾಗಿ ಕಾಯುತ್ತಿರುವ ರೋಗಿಗಳು.'

"ಸರಿಯಾಗಿದೆಯಾ ನೋಡಿ" ಅಂದ್ರು.

"ಸರಿಯಾಗಿದೆ. ಒಂದಕ್ಷರಾನೂ ಬದಲಾಯಿಸ್ಬೇಡಿ" ಅಂದೆ.